ಮೆಹಮಾನ ಹಕ್ಕಿಯ ನೀರು

ನಮ್ಮ ಸಂಘದ ಅಧ್ಯಕ್ಷ ಜಗದೇವಪ್ಪ ಸಾಕಿರುವುದು ಲಕ್ಕಾ ಜಾತಿಯ ಪಾರಿವಾಳ. ನವಿಲಿನ ಹಾಗೆ ಬಾಲ ಬಿಚ್ಚಿಕೊಂಡು ಅಂಗಳದ ತುಂಬ ನಡೆಯುತ್ತವೆ, ಹಾರುವುದಿಲ್ಲ. ಹಾರದ ಹಕ್ಕಿ ಸಾಕಿದವನು ಹಾರುವ ಹಕ್ಕಿಗಳ ಸಂಘಕ್ಕೆ ಆರು ವರ್ಷದಿಂದ ಅಧ್ಯಕ್ಷ. ಅಫಜಲಪುರ ಬಸ್ ಸ್ಟ್ಯಾಂಡಿನ ಹಿಂದೆ ಅವನ ಬೀಜ ಗೊಬ್ಬರದ ಅಂಗಡಿ, ಅಂಗಡಿಯ ಮೇಲಿನ ಖೋಲಿಯೇ ಸಂಘದ ಕಚೇರಿ. ಖೋಲಿ ಅವನದು, ಕುರ್ಚಿ ಅವನವು, ಹಾಗಾಗಿ ಮಾತೂ ಅವನದೇ. ಇದನ್ನು ನಾನು ಅವನ ಎದುರಿಗೇ ಹೇಳಿದ್ದೇನೆ. ಎಲ್ಲರ ಎದುರಿಗೂ ಏನಾದರೊಂದು ಹೇಳಿ ಜಗಳ ತೆಗೆದವನು ನಾನು. ಹೇಳಲೇಬೇಕಿದ್ದ ಒಂದು ಮಾತನ್ನು ಹೇಳಬೇಕಾದವರಿಗೆ ಮಾತ್ರ ಹೇಳಲಿಲ್ಲ.

ನನ್ನ ಹೆಸರು ಭೀಮಶಾ. ಏಳನೇ ಇಯತ್ತೆಗೆ ಸಾಲಿ ಬಿಟ್ಟೆ. ಈಗ ವೆಲ್ಡಿಂಗ್ ಅಂಗಡಿಯಲ್ಲಿ ಕಿಟಕಿ, ಗೇಟು, ಕಬ್ಬಿನ ಟ್ರಾಲಿಯ ಕೊಂಡಿ ಮಾಡುತ್ತೇನೆ. ನನಗೆ ಪಾರಿವಾಳ ಹಿಡಿಯಲು ಕಲಿಸಿದವರು ನಿಜಾಮುದ್ದೀನ ಚಾಚಾ. ತಾಮ್ರ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದು ಅವರ ಕೆಲಸ. ಸ್ಟೀಲು ಬಂದು ಕಲಾಯಿ ಹೋಯಿತು, ಆದರೆ ನವಸಾಗರದ ಹೊಗೆ ಕಣ್ಣಲ್ಲಿ ಉಳಿಯಿತು ಎಂದು ಚಾಚಾ ನಗುತ್ತಿದ್ದರು. ಹೊಗೆಯಿಂದಲ್ಲ, ಕಣ್ಣಿನ ನರ ಒಣಗಿವೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಅಂಗೈ ಮೇಲಿನ ಕಾಳು ಅವರಿಗೆ ಕಾಣುತ್ತಿರಲಿಲ್ಲ. ಆಕಾಶದಲ್ಲಿ ಬಿಳಿ ಹಕ್ಕಿ ತಿರುಗಿದರೆ ಮಾತ್ರ ಏನೋ ಮಿನುಗಿದ ಹಾಗೆ ಕಾಣುತ್ತಿತ್ತಂತೆ.

"ಇನ್ನ ಒಂದ ಬ್ಯಾಸಗಿ ಕಾಣ್ತದ ಭೀಮ್ಯಾ," ಎಂದಿದ್ದರು ಈ ವರ್ಷ ಯುಗಾದಿಯ ಹೊತ್ತಿಗೆ. "ಈ ಸಲ ನನ್ನ ಹಕ್ಕಿ ಬಿಡ್ತೇನಿ. ಮುಂದ ನೀ ಬಿಡು, ನಾ ಕುಂತ ಕೇಳ್ತೇನಿ."

ಅವರ ಮಾಳಿಗೆಯಲ್ಲಿ ಇಪ್ಪತ್ತಾರು ಹಕ್ಕಿಗಳಿದ್ದವು. ಅವರ ತಂದೆ ಸಾಕಿದ ತಳಿ. ಹೊರಗಿನ ಒಂದು ಹಕ್ಕಿಯನ್ನೂ ಅವರು ಅದರಲ್ಲಿ ಬೆರೆಸಿದವರಲ್ಲ.

ಬೇಸಿಗೆಯ ಸ್ಪರ್ಧೆ ಎಂದರೆ ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನವರು ಒಂದೇ ದಿನ ಬೆಳಿಗ್ಗೆ ಏಳೇಳು ಹಕ್ಕಿ ಬಿಡುವುದು. ಯಾರ ಹಕ್ಕಿ ಹೆಚ್ಚು ತಾಸು ಮೇಲಿದ್ದು ತಮ್ಮ ಮಾಳಿಗೆಗೇ ಇಳಿಯುತ್ತವೋ ಅವರು ಗೆದ್ದರು. ಕಳೆದ ವರ್ಷ ನಾನು ಹದಿನೈದು ನಿಮಿಷದ ಅಂತರದಲ್ಲಿ ಸೋತಿದ್ದೆ. ಈ ವರ್ಷ ನನ್ನ ಬಳಿ ಸಾಹೇಬ ಇತ್ತು. ಬೂದಿ ಬಣ್ಣದ ಗಂಡು, ಕೊರಳಲ್ಲಿ ಹಸಿರು ಮಿಂಚು, ಹತ್ತು ತಾಸು ನೆಲ ನೋಡದ ಹಕ್ಕಿ.

ಏಪ್ರಿಲ್ ತಿಂಗಳ ಒಂದು ಮುಂಜಾನೆ ಜೋಳ ಚೆಲ್ಲಿದೆ. ಸಾಹೇಬ ಕಾಳಿಗೆ ಕೊಕ್ಕು ಹಾಕಿತು. ಕೊಕ್ಕು ಕಾಳಿನ ಪಕ್ಕದ ನೆಲಕ್ಕೆ ಬಿತ್ತು. ಮತ್ತೆ ಹಾಕಿತು, ಮತ್ತೆ ನೆಲ. ಮೂರನೆಯ ಸಲ ಸಿಕ್ಕಿತು.

ನನಗೆ ಗೊತ್ತಾಯಿತು. ಚಾಚಾ ಕಲಿಸಿದ ಮೊದಲ ಪಾಠವೇ ಅದು: ಕಾಳು ತಪ್ಪಿದ ಹಕ್ಕಿ ಕಂಡ ದಿನವೇ ಗೂಡಿನ ಬಾಗಿಲು ಹಾಕಬೇಕು. ಮೊದಲು ಕಾಳು ತಪ್ಪುತ್ತದೆ, ಬಹಳ ನೀರು ಕುಡಿಯುತ್ತದೆ, ಆಮೇಲೆ ಕತ್ತು ತಿರುಚಿಕೊಳ್ಳುತ್ತದೆ. ಈ ರೋಗ ಬಂದ ಮೇಲೆ ಔಷಧವಿಲ್ಲ, ಬರುವ ಮೊದಲು ಸೂಜಿ ಹಾಕಿಸಬೇಕು. ಆ ಸೂಜಿಯ ವಿಷಯ ಸಂಘದಲ್ಲಿ ಎರಡು ವರ್ಷ ಚರ್ಚೆಯಾಗಿತ್ತು. ಬಾಟಲಿಯ ಮುಚ್ಚಳ ತೆಗೆದರೆ ಎರಡು ತಾಸಿನಲ್ಲಿ ಮುಗಿಸಬೇಕು, ಇಪ್ಪತ್ತು ಮನೆಯವರು ಒಂದೇ ದಿನ ಹಕ್ಕಿ ತರಬೇಕು. ನಮ್ಮ ಸಂಘದಲ್ಲಿ ಇಪ್ಪತ್ತು ಮಂದಿ ಒಂದೇ ದಿನ ಕೂಡಿದ್ದು ಗಣಪತಿಯ ಊಟಕ್ಕೆ ಮಾತ್ರ.

ರೋಗ ಬಂದಿದೆ ಎಂದು ಹೇಳಿದರೆ ನಲವತ್ತು ದಿನ ಗೂಡು ಬಂದ್, ಅದು ನಿಯಮ. ನಲವತ್ತು ದಿನ ಎಂದರೆ ಸ್ಪರ್ಧೆಯೂ ಹೋಯಿತು. ನಾನು ನಿಂತಲ್ಲೇ ನಿಂತು ಜಗದೇವಪ್ಪನನ್ನು ಬೈದೆ, ಸಂಘವನ್ನು ಬೈದೆ. ಬೈದು ಮುಗಿದ ಮೇಲೆ, ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡೆ. ರೆಕ್ಕೆ ಗಟ್ಟಿ ಇವೆಯಲ್ಲ ಎಂದು ಎಲ್ಲವುಗಳ ಜೊತೆ ಅದನ್ನೂ ಹಾರಿಸಿದೆ.

ಉಳಿದವು ಬಂದವು. ಸಾಹೇಬ ಬರಲಿಲ್ಲ.

ನಮ್ಮ ಊರಿನಲ್ಲಿ ಒಂದು ರೂಢಿ ಇದೆ. ಬೇರೆ ಕಡೆ, ತನ್ನ ಮಾಳಿಗೆಗೆ ಇಳಿದ ಹಕ್ಕಿ ಹಿಡಿದವನದು. ಇಲ್ಲಿ ಅದು ಮೆಹಮಾನ, ಅಂದರೆ ಅತಿಥಿ. ನಿಮ್ಮ ಹಕ್ಕಿಗಳು ಕುಡಿಯುವ ಬೋಗುಣಿಯಲ್ಲಿ ಮೊದಲು ಅದಕ್ಕೆ ನೀರು, ಆಮೇಲೆ ನಿಮ್ಮವುಗಳಿಗೆ. ಒಂದು ರಾತ್ರಿ ಇಟ್ಟುಕೊಂಡು ಮರುದಿನ ಮನೆಯ ಯಜಮಾನನೇ ಕೈಯಲ್ಲಿ ತಂದು ಒಪ್ಪಿಸಬೇಕು. ಈ ರೂಢಿ ತಂದವರು ಚಾಚಾ. ಹಕ್ಕಿಯ ಸಲುವಾಗಿ ತಲೆ ಒಡೆದುಕೊಳ್ಳುತ್ತಿದ್ದ ಮಂದಿಯನ್ನು ಒಂದೇ ಸಂಘದಲ್ಲಿ ಕೂರಿಸಿದ್ದು ಅದೇ.

ಮರುದಿನ ಹತ್ತು ಗಂಟೆಗೆ ಚಾಚಾ ಗೋಡೆ ಹಿಡಿದುಕೊಂಡು ಬಂದರು. ಅಂಗಿಯೊಳಗೆ ಎದೆಗೆ ಅವಚಿಕೊಂಡ ಸಾಹೇಬ.

"ಏ ಭೀಮ್ಯಾ, ನಿಮ್ಮ ಸಾಹೇಬ್ರು ನಮ್ಮನಿಗಿ ಬೀಗತನಕ್ಕ ಬಂದಿದ್ರು ನೋಡಪಾ. ಒಂದ ರಾತ್ರಿ ಇದ್ರು, ಕನ್ಯಾ ಯಾವದೂ ಪಸಂದ ಆಗಿಲ್ಲಂತ."

"ಇಷ್ಟ ಬಿಸಲಾಗ ನೀವ್ಯಾಕ ಬಂದ್ರಿ ಚಾಚಾ? ಹೇಳಿ ಕಳಸಿದ್ರ ನಾನೇ ಬರ್ತಿದ್ದೆ."

"ಹಾಂಗ ಆಗಲ್ಲ. ಮೆಹಮಾನ್ರಿಗಿ ಮನಿ ತನಕ ಬಿಡಬೇಕು." ಅವರು ಸಾಹೇಬನ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. "ಭಾಳ ನೀರ ಕುಡೀತಪಾ ಇದು. ಬೋಗುಣಿ ಬಿಟ್ಟ ಕದಲವಲ್ದು. ನನ್ನವು ಎಲ್ಲಾ ಸಾಲ ಹಿಡದ ನಿಂತಿದ್ವು, ಇದರದ ಯಾವಾಗ ಮುಗೀತದ ಅಂತ."

ನಾನು ಹಕ್ಕಿ ತೆಗೆದುಕೊಂಡೆ. ಆಗ ಹೇಳಬಹುದಿತ್ತು. ಚಾಚಾ, ಇದು ಕಾಳು ತಪ್ಪಿದೆ, ಬೋಗುಣಿ ಸುಟ್ಟು ತೊಳೆಯಿರಿ, ನಿಮ್ಮವನ್ನು ಬೇರೆ ಬೇರೆ ಮಾಡಿರಿ. ಇಷ್ಟೇ ಮಾತು. ಅಷ್ಟು ಹೇಳಿದ್ದರೆ ಇಪ್ಪತ್ತಾರರಲ್ಲಿ ಅರ್ಧವಾದರೂ ಉಳಿಯುತ್ತಿದ್ದವೇನೋ.

"ಬಿಸಲಿಗಿ ಇರಬೇಕ್ರಿ," ಎಂದೆ.

"ಬಿಸಲಿಗೇ," ಎಂದರು ಚಾಚಾ. ನೀರು ಕುಡಿದು, ಗೋಡೆ ಹಿಡಿದು ಹೊರಟುಹೋದರು.

ಆ ವಾರ ನನ್ನ ಮೂರು ಹಕ್ಕಿಗಳು ಸತ್ತವು. ವೆಲ್ಡಿಂಗ್ ಅಂಗಡಿಯ ಹಿಂದೆ ಹೂತು, ಬೆಕ್ಕು ತಿಂದಿತು ಎಂದೆ. ಸಾಹೇಬನ ಕತ್ತು ತಿರುಚಿಕೊಂಡಿತು. ಅದನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟು, ನೆನೆಸಿದ ಕಡಲೆ ಬೆರಳಿನಿಂದ ಬಾಯಿಗಿಟ್ಟೆ. "ಮುಚ್ಚಿ ಇಡೋವಂಥಾದ್ದು ಏನಾಗ್ಯಾದಲೇ ಅದಕ?" ಎಂದು ನನ್ನ ಅವ್ವ ಗಂಗುಬಾಯಿ ಕೇಳಿದಾಗ ಅವಳ ಮೇಲೂ ಹರಿಹಾಯ್ದೆ.

ಹನ್ನೆರಡನೆಯ ದಿನ ಚಾಚಾ ಹೇಳಿ ಕಳಿಸಿದರು. ನಾನು ಮಾಳಿಗೆ ಹತ್ತಿದಾಗ ಅವರು ಗೂಡಿನ ಮುಂದೆ ಕುಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಬದರುನ್ನಿಸಾ ಚಾಚಿ.

"ಬಾ ಮಗಾ. ನಿನ್ನ ಕಣ್ಣ ಛಲೋ ಅವ. ಕಾಳ ಚೆಲ್ಲೀನಿ, ನೋಡಿ ಹೇಳು. ಟಪ್ ಟಪ್ ಅಂತ ನೆಲಕ್ಕ ಕೊಕ್ಕ ಬಡಿಯೋ ಸಪ್ಪಳ ಭಾಳ ಬರ್ಲಾಕತ್ತದ. ಕಾಳ ತಪ್ಪಲಾಕತ್ತಾವೇನು?"

ಒಂಬತ್ತು ಹಕ್ಕಿಗಳು ತಪ್ಪುತ್ತಿದ್ದವು.

"ಹೌದ್ರಿ," ಎಂದೆ.

"ಎಲ್ಲಿಂದ ಬಂತಪಾ," ಎಂದು ಚಾಚಾ ಒಂದೇ ಸಲ ಕೇಳಿದರು. ನನ್ನನ್ನು ಕೇಳಲಿಲ್ಲ, ಸುಮ್ಮನೆ ಕೇಳಿದರು. ಆಮೇಲೆ ತಾವೇ ಸಂಘಕ್ಕೆ ಹೇಳಿ ಕಳಿಸಿ ಗೂಡು ಬಂದ್ ಮಾಡಿದರು.

ದಿನಾ ಕೆಲಸ ಮುಗಿಸಿ ಹೋಗುತ್ತಿದ್ದೆ. ಚಾಚಾ ಹಕ್ಕಿ ಹಿಡಿಯುವುದು, ಚಾಚಿ ಕೊಕ್ಕು ಬಿಡಿಸುವುದು, ನಾನು ಕಡಲೆ ಇಡುವುದು. ಹಿಡಿದ ಕೂಡಲೇ ಅದು ಯಾವುದೆಂದು ಚಾಚಾ ಬೆರಳಿನಿಂದಲೇ ಹೇಳುತ್ತಿದ್ದರು. ಸತ್ತದ್ದನ್ನೂ ಹಾಗೇ ಸವರಿ, ಹೆಸರು ಹೇಳಿಯೇ ನನ್ನ ಕೈಗೆ ಕೊಡುತ್ತಿದ್ದರು. ಇಪ್ಪತ್ತನಾಲ್ಕು ಹೆಸರು ಕೇಳಿದೆ. ಉಳಿದದ್ದು ಎರಡು ಮುದಿ ಹೆಣ್ಣು, ಹಾರುವ ಕಾಲವೂ ಮೊಟ್ಟೆಯ ಕಾಲವೂ ಮುಗಿದವು. ತಳಿ ಅಲ್ಲಿಗೆ ನಿಂತಿತು.

ಸಂಘದ ಸಭೆಯಲ್ಲಿ ಜಗದೇವಪ್ಪ ಕೆಮ್ಮಿ ಹೇಳಿದ, "ನೋಡ್ರಿ, ಮುದುಕ ಒಳ್ಳೇವ್ರೇ. ಆದ್ರ ಕಣ್ಣ ಕಾಣದವ್ರು ಗೂಡ ಇಟ್ರ ಹಿಂಗೇ ಆಗೋದು. ಹೊಲಸ ಕಾಣಲ್ಲ, ರೋಗ ಕಾಣಲ್ಲ."

ನಾನು ಕುರ್ಚಿ ಒದ್ದು ಎದ್ದೆ. "ಏ ಅಧ್ಯಕ್ಷ, ಸೂಜಿ ತರಸ್ತೀನಂತ ಎರಡ ವರ್ಷ ಚಾ ಕುಡಸಿದವ ನೀನು. ಚಾಚಾನ ಗೂಡಿನ ನೆಲದ ಮ್ಯಾಲ ರೊಟ್ಟಿ ಬಡದು ತಿನ್ನಬಹುದು. ನಿನ್ನ ಅಂಗಡ್ಯಾಗ ಹಾಂಗ ತಿಂದ ತೋರ್ಸು."

"ಮತ್ತ ಎಲ್ಲಿಂದ ಬಂತು, ನೀನೇ ಹೇಳಪಾ," ಎಂದ ಜಗದೇವಪ್ಪ.

ನಾನು ಬಾಗಿಲು ಬಡಿದು ಹೊರಗೆ ಬಂದೆ. ಚಾಚಾನ ಪರವಾಗಿ ಜಗಳಾಡಿದ ಶಾಗಿರ್ದ, ಶಿಷ್ಯ ಅಂದರೆ ಇವನು ಎಂದು ನಾಲ್ಕು ಮಂದಿ ನನ್ನನ್ನು ಹೊಗಳಿದರು. ಆ ಸಿಟ್ಟು ನನಗೆ ಆಗ ಬಹಳ ಬೇಕಾಗಿತ್ತು. ಸಿಟ್ಟು ಇಳಿದರೆ ಕೆಳಗೆ ಏನಿದೆ ಎಂದು ಗೊತ್ತಿತ್ತು.

ಮೇ ತಿಂಗಳ ಕೊನೆಗೆ ಸ್ಪರ್ಧೆ ಬಂತು. ನನ್ನಲ್ಲಿ ನೋಡಲು ಆರೋಗ್ಯವಾಗಿದ್ದ ಏಳು ಹಕ್ಕಿಗಳು ಉಳಿದಿದ್ದವು. ಸಾಹೇಬ ಬದುಕಿತ್ತು, ಕತ್ತು ಒಂದು ಕಡೆ ವಾಲಿತ್ತು. ಅದು ಬುಟ್ಟಿಯ ಕೆಳಗೇ. ಚಾಚಾ ಬೆಳಿಗ್ಗೆ ಐದೂವರೆಗೇ ನನ್ನ ಮಾಳಿಗೆಗೆ ಬಂದು ಗೋಡೆಗೆ ಒರಗಿ ಕುಂತರು. ಒಗೆದ ಬಿಳಿ ಅಂಗಿ, ಕಣ್ಣಿಗೆ ಸುರ್ಮಾ.

"ನನ್ನವು ಇಲ್ಲಂದ್ರ ಏನಾತು, ನಿನ್ನವು ಅವ. ಬಿಳೀದು ತಿರಗಿದಾಗ ಹೇಳು, ನೋಡ್ತೇನಿ."

ಸ್ಪರ್ಧೆಯ ತೀರ್ಪು ಕೊಡುವ ಪಂಚ್ ಬೇರೆ ತಾಲೂಕಿನವನೇ ಆಗಿರಬೇಕು ಎಂಬುದು ನಿಯಮ. ನನ್ನ ಮಾಳಿಗೆಗೆ ಬಂದವನು ಜೇವರ್ಗಿಯ ಫರ್ದೀನ. ಮಾಳಿಗೆ ಮಾಳಿಗೆ ಸುತ್ತುತ್ತಿದ್ದ ಜಗದೇವಪ್ಪನೂ ಅವನ ಹಿಂದೆ ಹತ್ತಿ ಬಂದ. ಹಕ್ಕಿ ಬಿಡುವ ಮುಂಚೆ ಯಜಮಾನನು ಹಕ್ಕಿಗಳ ಬೋಗುಣಿಯಿಂದ ಒಂದು ಬೊಗಸೆ ನೀರು ಕುಡಿದು, ನನ್ನ ಗೂಡು ಸಾಫ್ ಇದೆ ಎಂದು ಪಂಚರ ಮುಂದೆ ಹೇಳಬೇಕು. ಹಿಂದೆ ಯಾರೋ ನೀರಿನಲ್ಲಿ ಗುಳಿಗೆ ಬೆರೆಸಿದ್ದಕ್ಕೆ ಈ ಪದ್ಧತಿ ಬಂತು. ಸುಳ್ಳು ಹೇಳಿ ಆ ನೀರು ಕುಡಿದವರು ನಮ್ಮಲ್ಲಿ ಇಲ್ಲ.

ಬೋಗುಣಿ ತಂದೆ. ತಾಮ್ರದ್ದು, ಚಾಚಾ ತಾವೇ ಕಲಾಯಿ ಹಾಕಿ ನನಗೆ ಕೊಟ್ಟದ್ದು. ಕುಡಿಯುವುದಕ್ಕೂ ನಾನು ತಯಾರಾಗಿದ್ದೆ, ಇದನ್ನು ಬರೆಯದೆ ಬಿಡಬಾರದು. ಕೈ ಅದ್ದಿಯೂ ಇದ್ದೆ.

"ತಡಿ," ಎಂದರು ಚಾಚಾ. "ಪಂಚರ, ಶಾಗಿರ್ದನ ಬದಲಿ ಉಸ್ತಾದ ಕುಡದ್ರ ನಡೀತದೇನ್ರಿ?"

"ನೀವು ಕುಡದ್ರ ಕೇಳೋರ್ಯಾರ್ರಿ," ಎಂದ ಫರ್ದೀನ.

"ಕೊಡು ಭೀಮ್ಯಾ. ಈ ವರ್ಷ ನನ್ನ ಮಾಳಗಿ ಮ್ಯಾಲ ಕುಡಿಯೋ ನಸೀಬ ಇಲ್ಲ. ನಿಂದೂ ನಂದೂ ಬ್ಯಾರೆ ಏನಲ್ಲ."

ಅವರು ಕೈ ಚಾಚಿದರು. ಬೋಗುಣಿಯ ಅಂಚು ಸಿಕ್ಕಿತು, ಎರಡೂ ಕೈಯಿಂದ ಎತ್ತಿದರು. ನೀರು ಅವರ ತುಟಿಗೆ ತಾಗಿತ್ತು. ನಾನು ಅವರ ಮಣಿಕಟ್ಟು ಹಿಡಿದೆ.

"ಬ್ಯಾಡ್ರಿ ಚಾಚಾ."

"ಯಾಕಪಾ?"

"ನನ್ನ ಗೂಡ ಸಾಫ್ ಇಲ್ಲ."

ಫರ್ದೀನ ನನ್ನನ್ನು ನೋಡಿದ. ನಾನು ಹೋಗಿ ಬುಟ್ಟಿ ಎತ್ತಿದೆ. ಸಾಹೇಬ ಕತ್ತು ವಾಲಿಸಿಕೊಂಡು ಹೊರಗೆ ಬಂತು. ಎಲ್ಲರಿಗೂ ಕಂಡಿತು, ಚಾಚಾನಿಗೆ ಕಾಣಲಿಲ್ಲ. ಅವರಿಗೆ ಬಾಯಿಂದಲೇ ಹೇಳಬೇಕಾಯಿತು.

"ಸಾಹೇಬಗ ಬಂದಿತ್ತು. ಮೂರು ಸತ್ತಾವ. ಬೆಕ್ಕಲ್ಲ, ರೋಗ."

ಚಾಚಾ ಬೋಗುಣಿಯನ್ನು ನೆಲಕ್ಕೆ ಇಟ್ಟರು. ನೀರು ಚೆಲ್ಲದ ಹಾಗೆ, ನಿಧಾನ.

"ಅವತ್ತು ನಾ ತಂದ ಕೊಟ್ಟಾಗ, ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಕಾಳ ತಪ್ಪಿದ್ದು ನೋಡಿದ್ದಿ?"

"ನೋಡಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು, ಬೈಗಳದಲ್ಲಿ ನಾನು ಪಳಗಿದವನು. ಆ ಹೊತ್ತಿಗೆ ಬೇರೆ ಮಾಳಿಗೆಗಳಿಂದ ಹಕ್ಕಿ ಬಿಟ್ಟರು. ಸಿಳ್ಳೆ ಕೇಳಿಸಿತು. ರೆಕ್ಕೆಗಳ ಸದ್ದು ನಮ್ಮ ತಲೆಯ ಮೇಲೆ ಹಾದುಹೋಯಿತು. ಚಾಚಾ ಮುಖ ಎತ್ತಲಿಲ್ಲ.

ಅವರು ಎದ್ದರು. ಮೆಟ್ಟಿಲಿಗೆ ಯಾವಾಗಲೂ ನಾನೇ ಕೈ ಹಿಡಿಸುವುದು. ಹೋಗಿ ಹಿಡಿದೆ. ಅವರು ತಮ್ಮ ಕೈಯನ್ನು ಬಿಡಿಸಿಕೊಂಡರು, ಅಷ್ಟೇನೂ ಜೋರಿನಿಂದಲ್ಲ.

"ಜಗದೇವಪ್ಪನೋರ, ಅದೀರೇನ್ರಿ?"

"ಇದ್ದೇನ್ರಿ ಚಾಚಾ, ಇಲ್ಲೇ ಇದ್ದೇನಿ."

"ಸ್ವಲ್ಪ ಕೆಳಗ ಇಳಸ್ರಿ ನನಗ."

ಹಾರದ ಹಕ್ಕಿ ಸಾಕುವವನ ಭುಜ ಹಿಡಿದುಕೊಂಡು ಚಾಚಾ ಹನ್ನೊಂದು ಮೆಟ್ಟಿಲು ಇಳಿದರು. ಜಗದೇವಪ್ಪ ಒಂದೊಂದು ಮೆಟ್ಟಿಲಿಗೂ "ಹಾಂ, ಇನ್ನೊಂದ ಅದ್ರಿ" ಎಂದು ಹೇಳುತ್ತ ಇಳಿಸಿದ. ಅವನ ಮೇಲಿನ ಸಿಟ್ಟು ಕೂಡ ಅವತ್ತಿಗೆ ನನ್ನ ಕೈ ಬಿಟ್ಟಿತು.

ನಲವತ್ತು ದಿನ ಗೂಡು ಮುಚ್ಚಿದೆ. ಎರಡು ಸಲ ಚಾಚಾನ ಮನೆಗೆ ಹೋದೆ. ಎರಡೂ ಸಲ ಚಾಚಿ ಬಾಗಿಲಲ್ಲೇ ನಿಂತು, ಮಲಗಿದ್ದಾರೆ ಎಂದಳು. ಒಳಗಿಂದ ಅವರು ಕೆಮ್ಮುವುದು ಕೇಳುತ್ತಿತ್ತು.

ನಲವತ್ತೊಂದನೆಯ ದಿನ ಬಾಗಿಲು ತೆರೆದೆ. ಸಾಹೇಬ ವಾಲಿದ ಕತ್ತಿನಲ್ಲೇ ಎದ್ದು, ಎರಡು ಸುತ್ತು ಹಾಕಿ, ನೇರ ಚಾಚಾನ ಮಾಳಿಗೆಗೆ ಇಳಿಯಿತು. ಸಂಜೆಯಾದರೂ ಬರಲಿಲ್ಲ. ನಾನು ಹೋಗಿ ತರಬಾರದು, ಇಟ್ಟುಕೊಂಡವರೇ ತರಬೇಕು. ಮರುದಿನ ಕೆಲಸಕ್ಕೆ ಹೋಗದೆ ಕಟ್ಟೆಯ ಮೇಲೆ ಕುಂತೆ. ಹತ್ತಾಯಿತು. ಬೀದಿಯ ತಿರುವಿನಲ್ಲಿ ಗೋಡೆ ಹಿಡಿದು ಬರುವ ಬಿಳಿ ಅಂಗಿ ಕಾಣುತ್ತದೆಯೇ ಎಂದು ನೋಡುತ್ತಿದ್ದೆ.

ಬಂದದ್ದು ಬದರುನ್ನಿಸಾ ಚಾಚಿ. ಸೆರಗಿನೊಳಗೆ ಸಾಹೇಬ.

"ತಗೋ."

"ಚಾಚಾ ಬರಲಿಲ್ಲೇನ್ರಿ?"

"ಇಲ್ಲಪಾ."

"ನೀರ ಕುಡಸೀರೇನ್ರಿ ಚಾಚಿ ಇದಕ?"

"ಕುಡಸ್ಯಾರ. ಬ್ಯಾರೆ ಬೋಗುಣ್ಯಾಗ." ಹೊರಡಲು ತಿರುಗಿದವಳು ಅಂದಳು, "ರಾತ್ರಿ ಕೈಯಾಗೇ ಹಿಡಕೊಂಡ ಕುಂತಿದ್ರು. ಇನ್ನ ಇದಕ ಕಾಳ ನೀನೇ ತಿನ್ನಸಬೇಕಂತ, ಹೇಳಂದ್ರು."

ಅವಳು ಹೊರಟುಹೋದಳು. ನಾನು ಕಟ್ಟೆಯ ಮೇಲೆ ನಾಲ್ಕು ಕಾಳು ಜೋಳ ಹಾಕಿದೆ. ಸಾಹೇಬ ಕೊಕ್ಕು ಹಾಕಿತು. ನೆಲಕ್ಕೆ ಬಡಿಯಿತು. ಕಣ್ಣು ಮುಚ್ಚಿದೆ, ಚಾಚಾ ಹೇಳಿದ ಸಪ್ಪಳ ಸರಿಯಾಗಿ ಕೇಳಿಸಿತು. ಟಪ್. ಟಪ್. ಆಮೇಲೆ ಕಣ್ಣು ತೆರೆದು, ಕಾಳನ್ನು ಬೆರಳಿನಲ್ಲಿ ಎತ್ತಿ ಅದರ ಬಾಯಿಗೆ ಇಟ್ಟೆ.