ಚಂಗಮ್ಮನ ಮೀಸೆ

ಏಳು ತಲೆಮಾರಿನ ತಾತಂದಿರ ಹೆಸರನ್ನು ಎದೆಯುಬ್ಬಿಸಿ ಒಪ್ಪಿಸುವ ನೀವು, ನಿಮ್ಮ ಮುತ್ತಜ್ಜಿಯ ಹೆಸರನ್ನೊಮ್ಮೆ ಹೇಳಬಲ್ಲಿರಾ? ತಡವರಿಸಬೇಡಿ, ಬೇತಮಂಗಲದ ಮುನಿಶಾಮಮ್ಮ ಹೇಳಬಲ್ಲಳು. ಅವಳ ಮುತ್ತಜ್ಜಿ ಚಂಗಮ್ಮ ಬೆಂಗಳೂರಿಗೆ ಹೋಗಿ, ದೊರೆಗಳು ತಂದಿದ್ದ ಯಂತ್ರದ ಕಹಳೆಗೆ ಬಾಯಿಟ್ಟು ದೇವರನಾಮ ಹಾಡಿ ಬಂದಿದ್ದಳಂತೆ. ನಂಟರಿಷ್ಟರೆಲ್ಲ ಅದನ್ನು ಬಡಾಯಿಯೆಂದು ನಕ್ಕು ಬಿಟ್ಟಿದ್ದರು.

ಈಗ ಅಟ್ಟದಲ್ಲಿ ಸಿಕ್ಕ, ಹೆಸರಳಿದ ರೆಕಾರ್ಡೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಉರಿಗಾಂನ ಸೆಲ್ವರಾಜನ ರೇಡಿಯೋ ಅಂಗಡಿಗೆ ಬಂದಿದ್ದಳು. ಅವನಲ್ಲಿದ್ದ ಹಳೆಯ ಗ್ರಾಮಫೋನು ಅಂದೇ ಬಂಗಾರಪೇಟೆಯ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ ಹೊರಡಲಿತ್ತು. ರೆಕಾರ್ಡೂ ಜೊತೆಗೆ ಹೋಗಲಿ, ಅದರ ಮುಂದಿಡುವ ಚೀಟಿಯಲ್ಲಿ ಚಂಗಮ್ಮನ ಹೆಸರಿರಲಿ ಎಂಬುದಷ್ಟೇ ಅವಳ ಆಸೆ.

ಸೆಲ್ವರಾಜ್ ಕೀ ಕೊಟ್ಟು ಮುಳ್ಳಿಳಿಸಿದ. ಕಹಳೆಯಿಂದ ಹೊರಟದ್ದು ಗಡುಸಾದ ಗಂಡುದನಿ.

"ನಿಮ್ ಪಾಟಿಗೆ, ಅದೇ ಅಜ್ಜಿಗೆ, ಮೀಸೆ ಇತ್ತಾಮ್ಮಾ?"

"ನಿನ್ ಬಾಯಿಗ್ ಮಣ್ಣಾಕ! ಇನ್ನೊಂದ್ ಕಿತ ಆಕು."

ಇನ್ನೊಮ್ಮೆಯೂ ಅದೇ ದನಿ. ಹಾಡು ನಿಂತದ್ದೇ ತಡ, ಮುಳ್ಳು ಸವೆದೀತೆಂದು ಅವನು ಅದನ್ನೆತ್ತಿ, 'ಅಜ್ಞಾತ ಗಾಯಕ' ಎಂದು ಚೀಟಿಯನ್ನೂ ಬರೆದ. ಕೇಳಿದ್ದು ಅರೆಬರೆ, ತೀರ್ಪು ಮಾತ್ರ ಪೂರ್ತಿ!

ಮುನಿಶಾಮಮ್ಮ ತಾನೇ ಮುಳ್ಳನ್ನು ಮತ್ತೆ ಇಳಿಸಿ, ಯಂತ್ರದ ಹಿಡಿಗೆ ಕೈ ಹಾಕಿದಳು. "ಇದೇನ್ ಕೀ ಕೊಡೋದಾ? ಎಮ್ಮೆ ಮೈ ಸವರ್ದಂಗೆ!"

"ಸ್ಪ್ರಿಂಗ್ ಕಿತ್ತೋಗ್ತದೆ ಬಿಡಮ್ಮಾ! ನಮ್ಮಪ್ಪನ್ ಕಾಲದ್ದು!"

"ನಮ್ಮಜ್ಜಿ ನಿಮ್ಮಪ್ಪಂಗಿಂತ ಅಳೇವ್ಳು. ಸುಮ್ಕಿರ್ಲಾ."

ಮೇವು ಕತ್ತರಿಸುವ ಯಂತ್ರ ತಿರುಗಿಸಿ ಪಳಗಿದ ಕೈ ಬಿಗಿಯುವಷ್ಟೂ ಬಿಗಿಯಿತು. ಬಡವಾಗಿ ಸುತ್ತುತ್ತಿದ್ದ ತಟ್ಟೆ ಚುರುಕಾಯಿತು. ಗಂಡುದನಿ ಮೀಸೆ ಬೋಳಿಸಿಕೊಂಡು, ತೆಳುವಾಗಿ ಮೇಲೇರಿ, ಅಪ್ಪಟ ಹೆಣ್ಣುದನಿಯಾಯಿತು. ಹಾಡು ಮುಗಿದೊಡನೆ ಮುಳ್ಳೆತ್ತಲು ಬಂದ ಸೆಲ್ವರಾಜನ ಕೈಗೆ ಏಟು ಬಿತ್ತು. ಕಡಲಾಚೆಯ ಕಾರ್ಖಾನೆಯವರು ಬೇರೆಯವರ ಹೆಸರು ಅಂಟಿಸದಿರಲೆಂದು, ಆ ಕಾಲದ ಗಾಯಕರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗುವ ವಾಡಿಕೆಯಿತ್ತು. ಕರಕರ ಸದ್ದಿನ ನಡುವೆ, ಯಾರನ್ನೋ ಗದರುವಂತೆ ಕೇಳಿಸಿತು: "ನಾನು ಬೇತಮಂಗಲದ ಚಂಗಮ್ಮ!"

"ಗದರೋದ್ರಲ್ಲೇ ಗೊತ್ತಾಯ್ತಮ್ಮಾ, ನಿಮ್ ಮನೇವ್ರೇ!" ಎನ್ನುತ್ತ ಸೆಲ್ವರಾಜ್ ಚೀಟಿಯನ್ನು ಹರಿದು, ಹೊಸದನ್ನು ಬರೆಯಲು ಕುಳಿತ.

ಮುನಿಶಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೊಡ್ ಅಕ್ಷರದಲ್ಲಿ ಬರೀಲಾ."

ಓದುಗರೇ, ನಿಮ್ಮ ಅಟ್ಟದ ಮೇಲೂ ಹೆಸರಳಿದ ತಟ್ಟೆಯೊಂದು ಇದ್ದೀತು. ಗುಜರಿಯವನನ್ನು ಕೂಗುವ ಮುನ್ನ, ದಯವಿಟ್ಟು, ಕೀಲಿಯನ್ನು ಪೂರ್ತಿ ಕೊಟ್ಟು, ಹಾಡು ನಿಂತ ಮೇಲೂ ಒಂದಿಷ್ಟು ಹೊತ್ತು ಕುಳಿತು ಕೇಳಿರಿ.