ನಕ್ಷೆಯಲ್ಲಿ ಉಳಿದ ಬಿಳಿ ಜಾಗ

"ಕಾಲು ನೋಡ್ಕೊಂಡು ಇಡೋ ಕತ್ತೆ! ಇದೇನು ನಿಮ್ಮಪ್ಪ ತೋಡಿದ ಗುಂಡಿನಾ? ಜಮಖಾನ ಕಣೋ, ಜಮಖಾನ!"

ಸಾಹೇಬರು ಹೀಗೆ ಬೈಯುತ್ತಿದ್ದಾಗ ದೊಡ್ಡೋನ ತಲೆಯ ಮೇಲೆ ಕುರ್ಚಿಗಳ ಅಟ್ಟಿಯಿತ್ತು. ಬೈಗುಳ ಅವನಿಗೆ ತಟ್ಟಲೇ ಇಲ್ಲ. ಆ ದಿನ ಅವನು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಕಚೇರಿಗೆ ಬಂದಿದ್ದ. ಜೀಪಿನ ಹಿಂಭಾಗದಲ್ಲಿ, ಸಲಿಕೆ ಹಾರೆಗಳ ನಡುವೆ ಮಂಡಿ ಮಡಚಿ ಕೂರುವುದು ಅವನ ಜಾಗ. ಸಾಹೇಬರು ತಮ್ಮ ಕಾರಿನಲ್ಲಿ ಬರುತ್ತಿದ್ದುದರಿಂದ ಮುಂದಿನ ಸೀಟು ಅವನ ತಮ್ಮ ಚಿಕ್ಕೋನದು. ಇವತ್ತು ಅದು ತಿರುಗುಮುರುಗಾಗಿತ್ತು. ದಾರಿಯುದ್ದಕ್ಕೂ ಅವನು ಮುಖವನ್ನು ಕಿಟಕಿಯಾಚೆ ಹಾಕಿಕೊಂಡು, ಗುರುತಿನವರು ಯಾರಾದರೂ ತನ್ನನ್ನು ನೋಡಲಿ ಎಂದು ಹಾರೈಸಿದ್ದ. ಒಬ್ಬನೂ ಎದುರಾಗಲಿಲ್ಲ.

ಡ್ರೈವರ್ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದ.

"ದೊಡ್ಡೋನೇ, ಕುರ್ಚಿ ಇಳಿಸು."

"ಇಳಿಸಿದ್ರೆ ಸಾಹೇಬ್ರು ನನ್ನ ಚರ್ಮ ಸುಲೀತಾರೆ."

"ಸುಲಿದ್ರೆ ಸುಲೀಲಿ, ಇಳಿಸೋ ಮಾರಾಯ. ಗುಂಡಿ ಕುಸಿದಿದೆ. ಚಿಕ್ಕೋನು ಒಳಗಿದ್ದ."

"ತೆಗೆದ್ರಾ?"

"ತೆಗೆದ್ರು." ಡ್ರೈವರ್ ತನ್ನ ಚಪ್ಪಲಿಯನ್ನೇ ನೋಡಿಕೊಂಡ. "ಆಗಲೇ ಹೋಗ್ಬಿಟ್ಟಿದ್ದ ಕಣೋ."

ಆಗ ದೊಡ್ಡೋನ ಮನಸ್ಸಿಗೆ ಮೊದಲು ಬಂದದ್ದು ತಮ್ಮನ ಮುಖವಲ್ಲ. ಅಯ್ಯೋ, ಸೂತಕ ಬಂತು, ನಾಳಿನ ನಕ್ಷೆಯ ಸಮಾರಂಭದಲ್ಲಿ ನಾನು ಒಳಗೆ ನಿಲ್ಲುವ ಹಾಗಿಲ್ಲವಲ್ಲ, ಅದನ್ನೂ ಇವನು ಕಿತ್ತುಕೊಂಡನಲ್ಲ ಎಂಬ ಮಾತು ಬಂತು. ಬಂದ ಮರುಗಳಿಗೆಯಲ್ಲೇ ಕುರ್ಚಿಗಳು ದಡದಡನೆ ಜಮಖಾನದ ಮೇಲೆ ಬಿದ್ದವು.

ಅವರದು ಗುಂಡಿ ತೋಡುವ ಕೆಲಸ. ಸೀಮೆಯ ನೆಲಕ್ಕೆಲ್ಲ ಒಂದು ನಕ್ಷೆ ಮಾಡುತ್ತಿದ್ದರು. ಎಲ್ಲಿ ಮರಳು, ಎಲ್ಲಿ ಜೇಡಿ, ಎಲ್ಲಿ ಬಂಡೆ ಎಂದು ಒಂದೊಂದಕ್ಕೆ ಒಂದೊಂದು ಬಣ್ಣ. ಮನೆ ಕಟ್ಟುವವನು, ರಸ್ತೆ ಹಾಕುವವನು, ಯಾರು ಬೇಕಾದರೂ ಫೋನಿನಲ್ಲಿ ತೆರೆದು ನೋಡಬಹುದು, ಬಿಡಿಗಾಸು ಕೊಡಬೇಕಿಲ್ಲ ಎಂದು ಸಾಹೇಬರು ಎಲ್ಲರಿಗೂ ಹೇಳುತ್ತಿದ್ದರು. ಆದರೆ ಬಣ್ಣ ಬಳಿಯುವ ಮುನ್ನ ಯಾರಾದರೂ ಇಳಿದು ನೋಡಬೇಕಲ್ಲ. ಕೂಲಿಯವರು ಆಳುದ್ದ ತೋಡುತ್ತಿದ್ದರು. ಸಾಹೇಬರು ಮೇಲೆ ನಿಂತು ಗುಂಡಿಯ ಗೋಡೆಯ ಫೋಟೋ ತೆಗೆಯುತ್ತಿದ್ದರು. ಆ ಗುಂಡಿ ನಕ್ಷೆಯಲ್ಲಿ ಒಂದು ಚುಕ್ಕೆಯಾಗುತ್ತಿತ್ತು.

ತೋಡುವವರಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬ ಗುಂಡಿಯೊಳಗಿದ್ದರೆ ಇನ್ನೊಬ್ಬ ದಡದಲ್ಲಿ ನಿಲ್ಲಬೇಕು. ಅವನಿಗೆ ಬೇರೆ ಕೆಲಸವಿಲ್ಲ. ಬೀಡಿ ಸೇದುವಂತಿಲ್ಲ, ಹರಟುವಂತಿಲ್ಲ. ಕಣ್ಣು ದಡದ ಮೇಲೆಯೇ ಇರಬೇಕು. ಒಂದು ಹರಳು ಉರುಳಿದರೂ 'ಮೇಲೆ!' ಎಂದು ಕೂಗಬೇಕು, ಕೂಗಿದೊಡನೆ ಒಳಗಿನವನು ಸಲಿಕೆ ಬಿಟ್ಟು ಹತ್ತಬೇಕು. ಚಿಕ್ಕೋನು ಕೆಲಸಕ್ಕೆ ಸೇರಿದಂದಿನಿಂದ ಅವನ ದಡ ಕಾದವನು ದೊಡ್ಡೋನೇ. ಅವ್ವ ಆಣೆ ಹಾಕಿಸಿಕೊಂಡಿದ್ದಳು. ಅವಳಿಗೆ ಮೊದಲಿನಿಂದಲೂ ಹಾಗೆ: ಕೆನೆ ಚಿಕ್ಕೋನಿಗೆ, ತಳ ಹಿಡಿದದ್ದು ದೊಡ್ಡೋನಿಗೆ. ಸಾಹೇಬರೂ ಬಂದು ಅದೇ ಪಂಕ್ತಿಯಲ್ಲಿ ಕುಳಿತರು. ಚಿಕ್ಕೋನಿಗೆ ಟೋಪಿ ಕೊಟ್ಟರು, ಅಳತೆಯ ಕೋಲು ಹಿಡಿಸಿದರು, 'ಬಾರಯ್ಯ' ಎಂದು ಕರೆದರು. ದೊಡ್ಡೋನನ್ನು ಕರೆಯುವಾಗ ಕತ್ತೆಯೋ ಎಮ್ಮೆಯೋ ಬಾಯಿಗೆ ಬರುತ್ತಿತ್ತು. ಟೋಪಿ ಬಂದ ದಿನ ದೊಡ್ಡೋನು ಉಣ್ಣಲಿಲ್ಲ. ಮಣ್ಣು ಹೊರುವ ಬುಟ್ಟಿ ಅಕ್ಕ ಅದನ್ನು ಕಂಡು, "ಹೊಟ್ಟೆ ಹಸಿದ್ರೆ ಅನ್ನ ಹಾಕಬಹುದು, ಹೊಟ್ಟೆ ಉರಿದ್ರೆ ಏನು ಹಾಕೋಣ ಹೇಳೋ" ಎಂದು ನಕ್ಕಿದ್ದಳು.

ನಕ್ಷೆಯಲ್ಲಿ ಒಂದೇ ಒಂದು ಜಾಗ ಬಣ್ಣವಿಲ್ಲದೆ ಬೆಳ್ಳಗೆ ಉಳಿದಿತ್ತು. ಪೇಟೆಯ ಅಂಚಿನಲ್ಲಿ, ಒಡೆದ ಮನೆಗಳ ಕಲ್ಲುಮಣ್ಣು ತಂದು ಸುರಿಯುವ ಕಡೆ.

"ನಾಳೆ ಮೇಲಧಿಕಾರಿ ಬರ್ತಾರೆ, ತೂತು ಬಿದ್ದ ನಕ್ಷೆ ತೋರಿಸ್ಲೇನೋ?" ಎಂದು ಸಾಹೇಬರು ಆ ಬೆಳಿಗ್ಗೆ ಕೂಗಾಡಿದ್ದರು. "ಚಿಕ್ಕೋನೇ, ನೀನು ಇಳಿ. ದೊಡ್ಡೋನೇ, ನೀನು ಜೀಪು ಹತ್ತು, ಕುರ್ಚಿ ಹಾಕೋದಿದೆ."

"ದಡಕ್ಕೆ ಯಾರು ಸಾರ್?" ಚಿಕ್ಕೋನು ಕೇಳಿದ.

"ಯಾಕೆ, ತೊಟ್ಟಿಲು ತೂಗೋರು ಬೇಕಾ ನಿಂಗೆ? ತೋಡೋ, ಮುಂಡೇದೇ!"

ಸಾಹೇಬರು ಚಿಕ್ಕೋನಿಗೆ ಬೈದದ್ದು ಅದೇ ಮೊದಲು. ದೊಡ್ಡೋನ ಎದೆಯೊಳಗೆ ತಣ್ಣಗೆ ಹಾಲು ಹೊಯ್ದಂತಾಯಿತು. ಅವನು ತುಟಿ ಬಿಚ್ಚಲಿಲ್ಲ. ಹೋಗಿ ಮುಂದಿನ ಸೀಟಿನಲ್ಲಿ ಕುಳಿತ. ಚಿಕ್ಕೋನು ಸಲಿಕೆ ಹೆಗಲಿಗೇರಿಸಿ, "ಗಾಜು ಇಳಿಸ್ಕೊ ಅಣ್ಣ, ಗಾಳಿ ಚೆನ್ನಾಗಿ ಬರುತ್ತೆ" ಎಂದ. ತನ್ನ ಸೀಟನ್ನು ದಾನ ಕೊಟ್ಟವನ ಹಾಗೆ. ಅದೂ ದೊಡ್ಡೋನಿಗೆ ಚುಚ್ಚಿತು. ಗಾಜು ಇಳಿಸಲು ಬಾರದೆ ಅವನು ಡ್ರೈವರನನ್ನು ಕೇಳಬೇಕಾಯಿತು.

ಈಗ ಅದೇ ಜೀಪಿನ ಹಿಂದುಗಡೆ ಕುಳಿತು ಅವನು ಹಿಂತಿರುಗಿದ. ಸಾಹೇಬರು ಮುಂದೆ ಕುಳಿತಿದ್ದರು.

ಚಿಕ್ಕೋನನ್ನು ಒಂದು ಗೋಣಿಯ ಮೇಲೆ ಮಲಗಿಸಿದ್ದರು. ಮೂಗಿನಲ್ಲಿ, ಕಿವಿಯಲ್ಲಿ ಇಟ್ಟಿಗೆಯ ಪುಡಿ. ಬುಟ್ಟಿ ಅಕ್ಕನ ಉಗುರುಗಳಲ್ಲಿ ರಕ್ತವಿತ್ತು, ಬರಿಗೈಯಲ್ಲೇ ಬಗೆದಿದ್ದಳು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ದೂರದಲ್ಲೇ ನಿಂತರು.

"ಇವನಿಗೆ ಒಳಗೆ ಇಳಿಯೋಕೆ ಹೇಳಿದ್ದು ಯಾರು?"

ಬುಟ್ಟಿ ಅಕ್ಕ ತಲೆಯೆತ್ತಿದಳು. "ನೀವೇ ಹೇಳಿದ್ದು."

"ಬಾಯಿ ಮುಚ್ಚೇ! ನಿನ್ನ ಕೇಳಿದ್ನಾ? ಹುಷಾರಾಗಿ ತೋಡಬೇಕು ಅಂತ ಬುದ್ಧಿ ಬೇಡ್ವಾ ಇವನಿಗೆ? ಒಬ್ಬನೇ ಯಾಕೆ ಇಳಿದ?"

"ಬುಟ್ಟಿ ಚೆಲ್ಲೋಕೆ ಆ ಕಡೆ ಹೋಗಿದ್ದೆ ಬುದ್ಧೀ. ಬರೋದ್ರೊಳಗೆ ದಡಾನೇ ಇರಲಿಲ್ಲ. ಎರಡು ಕೈಲಿ ಹೊರೋದೋ, ಕಾಯೋದೋ?"

ಸಾಹೇಬರು ಮುಖ ತಿರುಗಿಸಿದರು. "ಮೊದಲು ಆ ಗುಂಡಿ ಮುಚ್ಚಿಸಿ. ಯಾರೂ ಫೋಟೋ ತೆಗೀಬಾರದು" ಎಂದು ಡ್ರೈವರನಿಗೆ ಹೇಳಿ ಜೀಪಿನತ್ತ ನಡೆದರು. ಬುಟ್ಟಿ ಅಕ್ಕ ದೊಡ್ಡೋನ ಕಡೆ ತಿರುಗಿದಳು. ಅವಳು ಬೈದಿದ್ದರೂ ವಾಸಿಯಿತ್ತು.

ಮಣ್ಣು ಮಾಡಿ ಬಂದ ಮೇಲೆ ಆ ಒಂದೇ ಕೋಣೆಯ ಮನೆಯಲ್ಲಿ ಅವ್ವ ಗೋಡೆಗೆ ಆತು ಕುಳಿತಳು. ಅಳು ಬತ್ತಿಹೋಗಿ ಬರೀ ಮಾತು ಉಳಿದಿತ್ತು.

"ನನ್ನ ಚಿನ್ನ. ಬಾಗಿಲಿಗೆ ಬಂದ್ರೆ ದೀಪ ಬಂದಂಗಿತ್ತು. ಊರೇ ಬಂದಿತ್ತು ನೋಡು ಅವನ ಹಿಂದೆ. ಇನ್ಯಾರಿಗೆ ಬರ್ತಾರೆ ಅಷ್ಟು ಜನ?"

ದೊಡ್ಡೋನು ಮೂಲೆಯಲ್ಲಿ ಕುಳಿತು ಕೇಳಿದ. ಸತ್ತವನ ಮೇಲೂ ಕರುಬು ಹುಟ್ಟುತ್ತದೆಯೇ? ಅವನಲ್ಲಿ ಹುಟ್ಟಿತು. ನಾನು ಹೋಗಿದ್ದರೆ ಇವಳು ಹೀಗೆ ಕೂರುತ್ತಿದ್ದಳೇ, ಅಥವಾ ನಾಳೆ ಹೊರೆ ಹೊರುವವರು ಯಾರು ಎಂದಷ್ಟೇ ಅಳುತ್ತಿದ್ದಳೇ ಎಂದು ಲೆಕ್ಕ ಹಾಕಿದ. ಹಾಕಿ, ತನಗೇ ಹೇಸಿಕೊಂಡು, ಮತ್ತೆ ಅದನ್ನೇ ಹಾಕಿದ.

ದೀಪ ಹಚ್ಚುವ ಹೊತ್ತಿಗೆ ಸಾಹೇಬರು ಬಂದರು. ಒಳಗೆ ಬರಲಿಲ್ಲ. ದೊಡ್ಡೋನನ್ನು ಹೊಸ್ತಿಲಿಗೆ ಕರೆದರು.

"ನೋಡಯ್ಯ" ಎಂದರು. ಅಯ್ಯ! ದೊಡ್ಡೋನ ಕಿವಿ ನಿಮಿರಿತು. "ಆದದ್ದು ಆಗೋಯ್ತು. ನಾಳೆ ಪತ್ರಿಕೆಯೋರು ಬರ್ತಾರೆ, ಮೇಲಧಿಕಾರಿ ನಿನ್ನ ಕೇಳ್ತಾರೆ. ತಮ್ಮ ಕುಡಿದಿದ್ದ, ಕೆಲಸ ಮುಗಿದ ಮೇಲೆ ತಾನಾಗೇ ಇಳಿದ ಅಂತ ಒಂದು ಮಾತು ಹೇಳು. ಅವನ ಜಾಗ ನಿಂದು. ಕೋಲು ನಿಂದು, ಸೀಟು ನಿಂದು, ಕಾಯಂ ಕೆಲಸ. ಹಾರೆ ಮುಟ್ಟೋ ಹಂಗೇ ಇಲ್ಲ."

"ಅವನು ಕುಡೀತಿರಲಿಲ್ಲ ಸಾರ್."

"ಸತ್ತೋನು ಎದ್ದು ಬಂದು ಇಲ್ಲ ಅಂತಾನೇನೋ?"

ಅವರು ಹೋದ ಮೇಲೆ ಕತ್ತಲೊಳಗಿನಿಂದ ಅವ್ವ ಕೇಳಿದಳು. "ಏನಂತೆ?"

"ಚಿಕ್ಕೋನ ಜಾಗ ನಂಗೆ ಕೊಡ್ತಾರಂತೆ."

ಅವ್ವ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. "ಅವನ ಜಾಗಕ್ಕೆ ನೀನಾ?" ಎಂದಳು.

ಆ ಒಂದು ಮಾತಿಗೆ ದೊಡ್ಡೋನು ನಿರ್ಧಾರ ಮಾಡಿಬಿಟ್ಟ. ಹೌದು, ನಾನೇ. ಹೇಳುತ್ತೇನೆ, ಕುಡಿದಿದ್ದ ಎಂದೇ ಹೇಳುತ್ತೇನೆ.

ಮರುದಿನ ಅವನು ಒಗೆದ ಅಂಗಿ ತೊಟ್ಟು ಕಚೇರಿಯ ಸಭಾಂಗಣಕ್ಕೆ ಹೋದ. ಬಾಗಿಲಲ್ಲೇ ಸಾಹೇಬರು ಒಂದು ಹೊಸ ಟೋಪಿಯನ್ನು ಅವನ ತಲೆಗಿಟ್ಟು ಬೆನ್ನು ತಟ್ಟಿದರು. ತಾನು ಹೊತ್ತು ತಂದಿದ್ದ ಕುರ್ಚಿಗಳ ಮೇಲೆ ಇಸ್ತ್ರಿ ಬಟ್ಟೆಯವರು ಕುಳಿತಿದ್ದರು. ಎದುರಿನ ಪರದೆಯ ಮೇಲೆ ನಕ್ಷೆ ಬೆಳಗುತ್ತಿತ್ತು. ಹಳದಿ ಮರಳು, ನೀಲಿ ಜೇಡಿ, ಗುಲಾಬಿ ಬಂಡೆ. ಎಷ್ಟೊಂದು ಚುಕ್ಕೆಗಳು! ಅವೆಲ್ಲ ತಾವು ತೋಡಿದವು. ದೊಡ್ಡೋನು ಕಣ್ಣು ಕಿರಿದು ಮಾಡಿ ಪೇಟೆಯ ಅಂಚನ್ನು ಹುಡುಕಿದ. ಬಿಳಿ ಜಾಗವಿರಲಿಲ್ಲ. ಅಲ್ಲಿ ಗುಲಾಬಿ ಬಣ್ಣವಿತ್ತು, ಸುತ್ತಲಿನ ಹಾಗೆಯೇ, ಒಂದು ಗೆರೆಯೂ ಕಾಣದಂತೆ. ಚುಕ್ಕೆಯೂ ಇರಲಿಲ್ಲ.

"ಅದು ಬಂಡೆ ಹೆಂಗಾಯ್ತು?" ಪಕ್ಕದಲ್ಲಿದ್ದ ಡ್ರೈವರನನ್ನು ಕೇಳಿದ.

"ನೆನ್ನೆ ಸಂಜೆ ತುಂಬಿದ್ರು. ಸುತ್ತಲೂ ಬಂಡೆ, ಮಧ್ಯದಲ್ಲೂ ಬಂಡೇನೇ ಇರುತ್ತೆ ಅಂತ. ಕೂತ ಕಡೆನೇ, ಟೀ ಕುಡಿಯೋದ್ರೊಳಗೆ ಆಗೋಯ್ತು." ಡ್ರೈವರ್ ದನಿ ತಗ್ಗಿಸಿದ. "ಬಂಡೆ ನೆಲ ಕುಸಿಯಲ್ವಲ್ಲ. ಸಾಹೇಬ್ರಿಗೆ ಅದೂ ಒಳ್ಳೇದಾಯ್ತು."

"ಕೂತ ಕಡೆನೇ ಆಗೋದಿದ್ರೆ ಅವನನ್ನ ಯಾಕೋ ಇಳಿಸಿದ್ರು?"

ಡ್ರೈವರ್ ಮತ್ತೆ ತನ್ನ ಚಪ್ಪಲಿಯತ್ತ ನೋಡಿದ.

ದೊಡ್ಡೋನು ಆ ಗುಲಾಬಿಯನ್ನೇ ನೋಡುತ್ತ ನಿಂತ. ಬುದ್ಧಿ ಬಂದಾಗಿನಿಂದ ಅವನು ಒಬ್ಬನನ್ನೇ ನೋಡಿ ಉರಿದಿದ್ದ: ಅವನ ಕೆನೆಗೆ, ಅವನ ಟೋಪಿಗೆ, ಅವನ ಹೆಣದ ಹಿಂದೆ ಬಂದ ಜನಕ್ಕೂ. ಈಗ ಉರಿಯಲು ಹುಡುಕಿದರೂ ಏನೂ ಸಿಕ್ಕಲಿಲ್ಲ. ತಮ್ಮನ ಪಾಲಿಗೆ ಒಂದು ಚುಕ್ಕೆಯೂ ಬಂದಿರಲಿಲ್ಲ.

ಮೇಲಧಿಕಾರಿ ವೇದಿಕೆಯ ಮೇಲಿಂದ ಕರೆದರು. "ತೀರಿಕೊಂಡವರ ಅಣ್ಣ ಯಾರು? ಬಾಪ್ಪಾ, ಮೈಕ್ ಹತ್ರ ಬಾ. ಹೆದರಬೇಡ. ಏನಾಯ್ತು, ಎರಡು ಮಾತಲ್ಲಿ ಹೇಳು. ಕುಡಿದಿದ್ನಂತೆ, ಹೌದಾ?"

ಸಾಹೇಬರು ಪಕ್ಕದಿಂದ ತಲೆಯಾಡಿಸಿ ಹೂಂ ಎನ್ನು ಎಂಬಂತೆ ಸನ್ನೆ ಮಾಡಿದರು. ದೊಡ್ಡೋನು ಟೋಪಿ ತೆಗೆದು ಮೈಕಿನ ಕಂಬಕ್ಕೆ ಸಿಕ್ಕಿಸಿದ.

"ಕುಡಿದಿರಲಿಲ್ಲ. ಆ ನೆಲ ಬಂಡೆಯೂ ಅಲ್ಲ, ಮನೆ ಒಡೆದ ಕಸ. ಅವನ ದಡ ಕಾಯೋನು ನಾನು. ಈ ಬೋಳಿಮಗ ಕುರ್ಚಿ ಹೊರೋಕೆ ಕರೆದ, ನಾನು ಬಾಲ ಅಲ್ಲಾಡಿಸ್ಕೊಂಡು ಬಂದೆ. ಬೇಡ ಸಾರ್, ಅವನೊಬ್ಬನೇ ಆಗ್ತಾನೆ ಅನ್ನಬಹುದಿತ್ತು, ಅನ್ನಲಿಲ್ಲ. ಜೀಪಲ್ಲಿ ಮುಂದೆ ಕೂರೋ ಆಸೆ. ಬರ್ಕೊಳಿ, ಪತ್ರಿಕೆಯೋರೇ. ನಂದೂ ಬರ್ಕೊಳಿ, ಇವನ್ದೂ ಬರ್ಕೊಳಿ."

"ಎಳೀರೋ ಅವನ್ನ ಆಚೆಗೆ!" ಸಾಹೇಬರು ಕಿರುಚಿದರು. ಡ್ರೈವರ್ ಇದ್ದಲ್ಲಿಂದ ಕದಲಲಿಲ್ಲ. ಯಾರೋ ಪರದೆ ಆರಿಸಲು ಓಡಿದರು.

ದೊಡ್ಡೋನು ಮೈಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ನನ್ನ ತಮ್ಮನಿಗೆ ಪ್ರಾರ್ಥನೆ ಮಾಡಬೇಕು. ಎದ್ದೇಳಿ" ಎಂದ. ಯಾರೂ ಏಳಲಿಲ್ಲ. "ಎದ್ದೇಳ್ರೋ! ನಿಮ್ಮ ಕುರ್ಚಿ ಹೊತ್ತೋನು ನಾನು. ಹೇಳ್ತಾ ಇದೀನಿ, ಎದ್ದೇಳಿ!"

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಆಮೇಲೆ ಇನ್ನೊಂದು. ಮೇಲಧಿಕಾರಿ ಸುತ್ತ ನೋಡಿ, ಪತ್ರಿಕೆಯವರ ಕ್ಯಾಮೆರಾ ನೋಡಿ, ಮೇಜಿನ ಅಂಚು ಹಿಡಿದು ಎದ್ದರು. ಸಾಹೇಬರು ಮಾತ್ರ ಕುಳಿತೇ ಇದ್ದರು. ದೊಡ್ಡೋನು ಅವರನ್ನೇ ನೋಡುತ್ತ ಕಾದ. ಸಭಾಂಗಣವೆಲ್ಲ ಅವರನ್ನೇ ನೋಡಿತು. ಕೊನೆಗೆ ಅವರೂ ನಿಂತರು.

ಆಗ ದೊಡ್ಡೋನು ಕಣ್ಣು ಮುಚ್ಚಿದ.

"ದೇವರೇ, ನನ್ನ ತಮ್ಮನಿಗೆ ಶಾಂತಿ ಕೊಡು. ಅವನನ್ನ ಕಂಡು ಉರಿದ ಬಾಯಿಂದ ಬಂದ ಮಾತು ಅಂತ ತಳ್ಳಿಹಾಕಬೇಡ, ಕೇಳೋಕೆ ಅವನಿಗೆ ಬೇರೆ ಅಣ್ಣ ಇಲ್ಲ. ಅವನು ದಣಿದಿದ್ದಾನೆ, ಮಲಗಲಿ. ಯಾರೂ ಅವನನ್ನ ಏಳು ಅನ್ನದಿರಲಿ, ಯಾರೂ ಇಳಿ ಅನ್ನದಿರಲಿ. ಅವನ ಮೈಮೇಲಿನ ಮಣ್ಣು ಹಗುರಾಗಿರಲಿ, ತಂದೇ."