ಬೆರಳಿನ ಟೋಪಿ

ಸಾಹೇಬರ ಕಾಲುಚೀಲದಲ್ಲಿ ತೂತು, ಹೆಬ್ಬೆರಳು ಇಣುಕುತ್ತಿದೆ, ಬೆಳ್ಳಗೆ, ಉಗುರು ನೀಟಾಗಿ ಕತ್ತರಿಸಿದ್ದು — ಇಡೀ ಕಾರ್ಖಾನೆಗೆ ಖರೀದಿ ಮಾಡುವವರಿಗೆ ಒಂದು ಕಾಲುಚೀಲಕ್ಕೆ ಗತಿಯಿಲ್ಲ, ನಗು ಬರುತ್ತಿದೆ, ನಗಬಾರದು, ಬಾಗಿಲಲ್ಲಿ ಸರ್ಕಾರದ ತಪಾಸಣೆಯವರು ನಿಂತಿದ್ದಾರೆ, ಸುರಕ್ಷತೆಯ ಬೂಟಿಲ್ಲದೆ ಎರಕದ ಶೆಡ್ಡಿಗೆ ಯಾರನ್ನೂ ಬಿಡುವುದಿಲ್ಲವಂತೆ, ಸಾಹೇಬರನ್ನೂ, ಉಗ್ರಾಣದ ಕಿಟಕಿಯಲ್ಲಿ ಬೂಟು ಕೊಡುವವಳು ನಾನು, ಬೇಗ ಕೊಡಮ್ಮಾ, ಎಂಟನೇ ನಂಬರು, ಕೊಡ್ತೀನಿ ಸಾರ್, ನಿಮಗೆ ಅಂತಲೇ ತೆಗೆದಿಟ್ಟಿದ್ದೀನಿ. ತಮ್ಮನದೂ ಎಂಟೇ. ಅವನಿಗೂ ಇದೇ ಕಿಟಕಿಯಿಂದಲೇ ಕೊಟ್ಟಿದ್ದು, ಅಕ್ಕಾ, ಇದರಲ್ಲಿ ಟೋಪಿ ಇದೆ ತಾನೇ ಅಂದ — ಬೂಟಿನ ಮೂತಿಯೊಳಗಿನ ಉಕ್ಕಿನ ಬಟ್ಟಲಿಗೆ ನಾವೆಲ್ಲ ಟೋಪಿ ಅಂತಲೇ ಅನ್ನುವುದು — ಇದೆ ಕಣೋ, ಸಾಹೇಬ್ರೇ ಆರಿಸಿ ತರಿಸಿದ್ದು, ಹಾಗಾದ್ರೆ ಆನೆ ತುಳಿದ್ರೂ ಏನಾಗಲ್ಲ ಬಿಡು, ನಕ್ಕ, ಆನೆ ತುಳಿಯಲಿಲ್ಲ, ಒಂದು ಎರಕದ ತುಂಡು ಜಾರಿತು ಅಷ್ಟೇ, ಬೂಟು ಕುಯ್ದು ನೋಡಿದರೆ ಮೂತಿಯಲ್ಲಿ ಉಕ್ಕಿಲ್ಲ, ರಟ್ಟು, ರಕ್ತ ಕುಡಿದು ಉಬ್ಬಿದ ರಟ್ಟು, ಟೋಪಿ ಹಾಕಿದ್ದು ಬೆರಳಿಗಲ್ಲ, ನಮಗೆ. ಹೆಬ್ಬೆರಳು ಬೂಟಿನಲ್ಲೇ ಉಳಿಯಿತು. ಇದೇ ಸಾಹೇಬರು ಆಸ್ಪತ್ರೆಗೆ ಬಂದು, ಬೂಟಿಗೇನಾಗಿತ್ತಮ್ಮಾ, ಎಲ್ಲಾ ಉಕ್ಕಿಂದೇ, ನಿನ್ನ ತಮ್ಮ ಹಾಕ್ಕೊಂಡೇ ಇರಲಿಲ್ಲ — ಹಾಕಿಕೊಳ್ಳದ ಬೂಟಿನೊಳಕ್ಕೆ ಬೆರಳು ತಾನೇ ನಡೆದುಕೊಂಡು ಹೋಯಿತೇ, ಕೇಳಲಿಲ್ಲ, ಹಲ್ಲು ಕಚ್ಚಿಕೊಂಡೆ, ಕಚ್ಚಿಕೊಂಡೇ ಇದ್ದೇನೆ, ತಮ್ಮ ಒಂದು ಕಡೆಗೆ ವಾಲಿ ನಡೆಯುವುದನ್ನು ಕಂಡಾಗಲೆಲ್ಲ ಸಾಹೇಬರ ಕಾಲೂ ಹಾಗೇ ಆಗಲಿ ಎಂದು ಬೇಡಿಕೊಂಡಿದ್ದೇನೆ, ಪಾಪ ಬಂದರೆ ಬರಲಿ.

ತೊಗೊಳ್ಳಿ ಸಾರ್. ತಮ್ಮನ ಬೂಟು ಬಂದ ಅದೇ ಲಾಟಿನದು, ಇನ್ನೂ ಅದನ್ನೇ ಹಂಚಿಸುತ್ತಿದ್ದಾರೆ. ತಿರುಗಿಸಿ ನೋಡಿದರು, ಮೂತಿಯನ್ನು ಹೆಬ್ಬೆಟ್ಟಿನಿಂದ ಒತ್ತಿದರು, ಒಳಕ್ಕೆ ಇಳಿಯಿತು — ಒತ್ತಿ ನೋಡಬೇಕೆಂದು ಗೊತ್ತಿದೆ ಹಾಗಾದರೆ, ಮೊದಲಿಂದಲೂ ಗೊತ್ತಿತ್ತು — ದನಿ ತಗ್ಗಿಸಿ, ಬೇರೆ ಇಲ್ವೇನಮ್ಮಾ, ಟೋಪಿ ಇರೋದು? ಅಬ್ಬಾ, ನಮ್ಮ ಮಾತೂ ಬರುತ್ತದೆ ಸಾಹೇಬರಿಗೆ. ಶೆಡ್ಡಿಗೆಲ್ಲ ಕೇಳುವ ಹಾಗೆ ಅಂದೆ, ಯಾಕೆ ಸಾರ್, ಇದರಲ್ಲಿ ಇಲ್ವಾ? ತಪಾಸಣೆಯವರು ತಿರುಗಿದರು. ಮಾಡಿದ್ದುಣ್ಣೋ ಮಹರಾಯ. ಹಾಕ್ಕೊಳ್ಳಿ ಸಾರ್, ಎಲ್ಲಾ ಉಕ್ಕಿಂದೇ ಅಂದ್ರಲ್ಲ, ಹಾಕ್ಕೊಳ್ಳಿ — ಕಾಲು ಬೂಟಿನ ಬಾಯಿಯವರೆಗೆ ಬಂತು, ನಿಂತಿತು, ಒಳಕ್ಕೂ ಹೋಗದು, ಹಿಂದಕ್ಕೂ ಬಾರದು, ತೂತಿನಲ್ಲಿ ಹೆಬ್ಬೆರಳು, ಬೆಳ್ಳಗೆ, ಮುದುರಿಕೊಂಡು, ಹೆಬ್ಬೆರಳು —